ಸತ್ಯಾಂಶ: ಕುರಿ ಉಣ್ಣೆ ಹಾಕಿದರೆ ಗೊಬ್ಬರವೇ ಬೇಡವೇ?

"ಗಿಡದ ಬುಡಕ್ಕೆ ಕುರಿ ಉಣ್ಣೆ ಹಾಕಿ, 15 ದಿನದಲ್ಲಿ ಕರಗುತ್ತದೆ, ಬೇರೆ ಗೊಬ್ಬರವೇ ಬೇಡ" ಎಂಬ ವಾಟ್ಸಾಪ್ ಸಂದೇಶ ಶಿರಾ, ಪಾವಗಡದ ಕಡೆ ಓಡಾಡುತ್ತಿದೆ. ಅರ್ಧ ನಿಜ.

ಕಂಬಳಿಗೆ ಬಾರದ ಹೊಟ್ಟೆ, ಕಾಲಿನ ತುಂಡು ಉಣ್ಣೆಯಲ್ಲೂ ಸುಮಾರು ಶೇ. 10ರಷ್ಟು ಸಾರಜನಕವಿದೆ. ಕುರಿಗಾಹಿಗಳು ಬಿಸಾಡುವ ಇದನ್ನು ದುಡ್ಡು ಕೊಟ್ಟಾದರೂ ಕೊಳ್ಳಬಹುದು. ಆದರೆ ರಂಜಕ ತೀರಾ ಕಡಿಮೆ, ಕೊಟ್ಟಿಗೆ ಗೊಬ್ಬರ ಬಿಡುವಂತಿಲ್ಲ. ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನನ್ನು ಗಂಧಕದ ಬಂಧಗಳು ಬಿಗಿದಿರುವುದರಿಂದ ಅದು ಕೊಳೆಯಲು ತಿಂಗಳುಗಳೇ ಬೇಕು, ಒಣ ಮಣ್ಣಿನಲ್ಲಿ ಇನ್ನೂ ಹೆಚ್ಚು.

ಮೇಲೆ ಹರಡುವುದೇ ದೊಡ್ಡ ತಪ್ಪು. ಜಿಡ್ಡಿನ ಉಣ್ಣೆ ಜಮಖಾನದಂತೆ ಹೆಪ್ಪುಗಟ್ಟಿ ನೀರು ಪಕ್ಕಕ್ಕೆ ಜಾರುತ್ತದೆ. ಒಂದಿಂಚು ತುಂಡು ಮಾಡಿ, ಹಿಂಜಿ, ರಾತ್ರಿ ನೆನೆಸಿ, 10 ಲೀಟರ್ ಕುಂಡಕ್ಕೆ 50 ಗ್ರಾಂ ಮೀರದಂತೆ ನಾಲ್ಕು ಬೆರಳು ಆಳದಲ್ಲಿ ಮಣ್ಣಿಗೆ ಬೆರೆಸಿ. ಹೆಚ್ಚಾದರೆ ಅಮೋನಿಯಾ, ಲವಣ ಏರಿ ಎಳೆ ಸಸಿಯ ಬೇರು ಸುಡುತ್ತದೆ. ನೆನೆಸಿದ ಕಂದು ನೀರು ಚೆಲ್ಲಬೇಡಿ, ಉಣ್ಣೆಯ ಪೊಟ್ಯಾಷ್ ಇಳಿಯುವುದು ಆ ನೀರಿಗೇ. ತೆಳುವಾಗಿಸಿ ದೊಡ್ಡ ಗಿಡಗಳಿಗೆ ಹಾಕಿ.

ಯಾವ ಹಳೇ ಬ್ಲಾಂಕೆಟ್ಟಾದರೂ ಆದೀತೆಂಬುದು ಸುಳ್ಳು. ಅಂಗಡಿಯವು ಹೆಚ್ಚಾಗಿ ಅಕ್ರಿಲಿಕ್, ಪಾಲಿಯೆಸ್ಟರ್. ಒಂದೆಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ ಬಂದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್.

ಸಂದೇಶ ಹೇಳದ ಮಾತೊಂದಿದೆ. ದಿಢೀರನೆ ಸತ್ತ ಕುರಿಯ ಉಣ್ಣೆ ಮುಟ್ಟಲೇಬೇಡಿ, ಪಶುವೈದ್ಯರಿಗೆ ತಿಳಿಸಿ. ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಆಗಿದ್ದರೆ ಅದರ ಬೀಜಾಣುಗಳು ಉಣ್ಣೆಯಲ್ಲೂ ಮಣ್ಣಿನಲ್ಲೂ ವರ್ಷಗಟ್ಟಲೆ ಉಳಿಯುತ್ತವೆ.