ಮುಂದಿನ ಮೂರು ವರ್ಷ ಮಾರಾಟಕ್ಕಿದೆ

ಅಭಿನಂದನೆಗಳು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಒಂದು ಬಡಪಾಯಿ ತಂಡಕ್ಕೆ ನೀವು ಜನರಲ್ ಮ್ಯಾನೇಜರ್ ಆಗಿ ಬಂದಿದ್ದೀರಿ. ಕಳೆದ ಸಾಲಿನ 17 ಪಂದ್ಯಗಳಲ್ಲಿ ತಂಡ ಗೆದ್ದದ್ದು ನಾಲ್ಕು. ಹಿಂದಿನವರು ಮನೆಗೆ ಹೋದದ್ದೇ ಅದಕ್ಕೆ. ಆದರೆ ಈ ಲೀಗ್‌ಗೆ ಸೋತವರ ಮೇಲೆ ಬಲು ಕರುಣೆ. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಆಟ ಮುಗಿಸಿದ ಹುಡುಗರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ, ಹೆಚ್ಚು ಸೋತವರಿಗೆ ಮೊದಲ ಸರದಿ. ಇದು ಡ್ರಾಫ್ಟ್. ಒಂದೊಂದು ಸರದಿಯೂ ಒಂದು ಪಿಕ್. ನಿಮ್ಮ ಸರದಿ ಬರುವ ತನಕ ಬಾಯಿ ಮುಚ್ಚಿ ಕೂತಿದ್ದು, ಬಂದಾಗ ಉಳಿದವರಲ್ಲಿ ಒಳ್ಳೆಯವನ ಹೆಸರು ಹೇಳಿದರೆ ಕೆಲಸ ಮುಗಿಯಿತು.

ಹಾಗೆಂದು ಬಾಯಿ ಮುಚ್ಚಿ ಕೂತರೆ ಮಾಲೀಕರು ನಿಮ್ಮನ್ನು ಇಟ್ಟುಕೊಳ್ಳುತ್ತಾರೆಯೇ? ಅವರಿಗೆ ಬೇಕಾದದ್ದು ‘ದಿಟ್ಟ ಹೆಜ್ಜೆ’. ದಿಟ್ಟ ಹೆಜ್ಜೆ ಎಂದರೆ ಕೆಳಗಿನ ಸರದಿಯಿಂದ ಮೇಲಿನ ಸರದಿಗೆ ಹಾರುವುದು, ಹಾರಲು ಈ ವರ್ಷದ ಪಿಕ್‌ಗಳ ಜೊತೆ ಮುಂದಿನ ವರ್ಷಗಳ ಪಿಕ್‌ಗಳನ್ನೂ ಎತ್ತಿ ಕೊಡುವುದು. ಇದಕ್ಕೆ ಟ್ರೇಡ್ ಅಪ್ ಎನ್ನುತ್ತಾರೆ. ಶಾಸ್ತ್ರೋಕ್ತವಾಗಿ ಇದನ್ನು ನೆರವೇರಿಸುವ ಬಗೆ ಹೀಗಿದೆ.

ಮೊದಲು ಬೆಲೆಪಟ್ಟಿ ತರಿಸಿಕೊಳ್ಳಿ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ಹುಟ್ಟಿದ್ದು ಅದು. ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಓಡಾಡುತ್ತಿದ್ದರೂ ಲೆಕ್ಕ ಹಾಕಿದವರು ಮೈಕ್ ಮೆಕಾಯ್, ಅಂದರೆ ಮಾಲೀಕ ಜೆರ್ರಿ ಜೋನ್ಸ್ ಅವರ ತೈಲ ವ್ಯವಹಾರದ ಪಾಲುದಾರ. ಮೊದಲ ಪಿಕ್‌ಗೆ 3000 ಅಂಕ, ಎರಡನೆಯದಕ್ಕೆ 2600, ಮೂರಕ್ಕೆ 2200, ಹತ್ತಕ್ಕೆ 1300, ಹದಿನಾರಕ್ಕೆ 1000, ಮೂವತ್ತೆರಡಕ್ಕೆ 590. ಈ ಅಂಕಗಳು ಎಲ್ಲಿಂದ ಬಂದವು? ಅದುವರೆಗೆ ತಂಡಗಳು ಯಾವ ಪಿಕ್‌ಗೆ ಏನು ಕೊಟ್ಟಿದ್ದವು ಎಂಬುದನ್ನು ಗುಡ್ಡೆ ಹಾಕಿ ನಯವಾದ ಗೆರೆ ಎಳೆದದ್ದರಿಂದ. ಅಂದರೆ ಆರಿಸಿದ ಹುಡುಗ ಆಮೇಲೆ ಎಷ್ಟು ಚೆನ್ನಾಗಿ ಆಡಿದ ಎಂಬ ಸುದ್ದಿಯೇ ಪಟ್ಟಿಯಲ್ಲಿಲ್ಲ. ಇನ್ನೊಬ್ಬ ಗಿರಾಕಿ ಎಷ್ಟು ತೆತ್ತ ಎಂಬುದು ಮಾತ್ರ ಇದೆ. ಕೌಬಾಯ್ಸ್ ಸಹಾಯಕರು ಬೇರೆ ಬೇರೆ ತಂಡಗಳಿಗೆ ಹೋದಾಗ ಪಟ್ಟಿಯೂ ಜೊತೆಗೆ ಹೋಯಿತು. ಈಗ ಎಲ್ಲರೂ ಅದನ್ನೇ, ಇಲ್ಲವೇ ಅದನ್ನು ಅಲ್ಲಲ್ಲಿ ತಿದ್ದಿದ್ದನ್ನು ನೋಡುತ್ತಾರೆ. ಎಲ್ಲರೂ ನೋಡುವುದರಿಂದ ಅದೇ ಬೆಲೆ. ಅದೇ ಬೆಲೆಯಾದ್ದರಿಂದ ಎಲ್ಲರೂ ನೋಡುತ್ತಾರೆ.

ಪಟ್ಟಿಯ ದೊಡ್ಡ ಅನುಕೂಲವೆಂದರೆ, ಮನೆ ಹಾಳಾದರೂ ಲೆಕ್ಕ ತಾಳೆಯಾಗುತ್ತದೆ. 2017ರಲ್ಲಿ ಷಿಕಾಗೋ ಬೇರ್ಸ್ ಮೂರನೇ ಪಿಕ್‌ನಿಂದ ಎರಡಕ್ಕೆ, ಅಂದರೆ ಒಂದೇ ಒಂದು ಮೆಟ್ಟಿಲು ಹತ್ತಿತು. ವ್ಯತ್ಯಾಸ 400 ಅಂಕ. ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟದ್ದು 67ನೇ ಪಿಕ್ (255), 111ನೇ ಪಿಕ್ (72) ಮತ್ತು ಮರುವರ್ಷದ ಮೂರನೇ ಸುತ್ತಿನ ಪಿಕ್. ಮರುವರ್ಷದ್ದನ್ನು ಒಂದು ಸುತ್ತು ಕೆಳಗಿಳಿಸಿ ಎಣಿಸುವುದು ವಾಡಿಕೆ. ನಾಲ್ಕನೇ ಸುತ್ತಿನ ನಡುವೆ 70 ಅಂಕ. ಒಟ್ಟು 397. ಆಡಿಟರ್ ಬಂದರೂ ಬೆರಳು ತೋರಿಸುವಂತಿಲ್ಲ. ಇಷ್ಟೆಲ್ಲ ಮಾಡಿ ತಂದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವವನು, ಮಿಚ್ ಟ್ರುಬಿಸ್ಕಿ. ಅದೇ ಸಂಜೆ ಹತ್ತನೇ ಪಿಕ್‌ನಲ್ಲಿ ಕ್ಯಾನ್ಸಸ್ ಸಿಟಿಗೆ, ಮುಂದೆ ಲೀಗಿನ ಮಹಾತಾರೆಯಾದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಸಿಕ್ಕಿದ. ಪಟ್ಟಿಯ ಪ್ರಕಾರ ಹತ್ತನೇ ಪಿಕ್ ಎರಡನೆಯದರ ಅರ್ಧ ಬೆಲೆ.

ಇನ್ನು ಸಾಲ ಮಾಡುವ ಕಲೆ. ‘ಈ ವರ್ಷದ ಎರಡನೇ ಸುತ್ತು ಕೊಡಿ, ಮುಂದಿನ ವರ್ಷದ ಮೊದಲ ಸುತ್ತು ಕೊಡುತ್ತೇನೆ’ ಎಂಬುದು ಈ ಮಾರುಕಟ್ಟೆಯ ಸಾಮಾನ್ಯ ಮಾತು. ಪಟ್ಟಿ ತೆಗೆದು ನೋಡಿ: ಎರಡನೇ ಸುತ್ತಿನ ನಡುವಿನ 48ನೇ ಪಿಕ್‌ಗೆ 420 ಅಂಕ, ಮೊದಲ ಸುತ್ತಿನ ನಡುವಿನ 16ನೆಯದಕ್ಕೆ 1000. ಇವತ್ತು 420 ತೆಗೆದುಕೊಂಡು ಹನ್ನೆರಡು ತಿಂಗಳಿಗೆ 1000 ಕಟ್ಟುವುದೆಂದರೆ ವರ್ಷಕ್ಕೆ ಶೇ 138 ಬಡ್ಡಿ. ಕೇಡ್ ಮ್ಯಾಸಿ ಮತ್ತು ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ನಿಜವಾದ ವ್ಯಾಪಾರಗಳನ್ನೆಲ್ಲ ಹಿಡಿದು ಲೆಕ್ಕ ಹಾಕಿದಾಗ ಬಂದದ್ದು ಶೇ 136. ನಮ್ಮ ಮಾರ್ಕೆಟ್ಟಿನಲ್ಲಿ ಮೀಟರ್ ಬಡ್ಡಿಗೆ ಕೊಡುವವನು ಕೂಡ ಈ ದರ ಕೇಳಿದರೆ ಒಮ್ಮೆ ಹಿಂದೆಮುಂದೆ ನೋಡಿಯಾನು. ಅವನ ಹತ್ತಿರ ಪಡೆದವನು ತಾನೇ ಕಟ್ಟಬೇಕು ಎಂಬುದೊಂದೇ ವ್ಯತ್ಯಾಸ. ನೀವು ಕಟ್ಟಬೇಕಾಗಿಲ್ಲ. ಹುಡುಗ ಗೆದ್ದರೆ ಸಾಲ ಯಾರಿಗೂ ನೆನಪಿರುವುದಿಲ್ಲ. ಸೋತರೆ ಕಟ್ಟುವ ಹೊತ್ತಿಗೆ ನಿಮ್ಮ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.

ಅದೇ ಇಬ್ಬರು ಇನ್ನೊಂದು ಅಪಶಕುನವನ್ನೂ ನುಡಿದಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ಶೇ 52 ಅಷ್ಟೆ. ಹುಡುಗರನ್ನು ಹುಡುಕಿ ಅಳೆಯುವ ನಿಮ್ಮ ಸ್ಕೌಟ್‌ಗಳು ವರ್ಷವಿಡೀ ಊರೂರು ಅಲೆದು, 40 ಗಜದ ಓಟವನ್ನು ಸೆಕೆಂಡಿನ ನೂರನೇ ಭಾಗದವರೆಗೆ ಅಳೆದು, ಹುಡುಗನ ಅಂಗೈ ಅಗಲ ಬರೆದುಕೊಂಡು, ಅವನ ಹೈಸ್ಕೂಲ್ ಮೇಷ್ಟರನ್ನೂ ವಿಚಾರಿಸಿ ಗಳಿಸುವುದು ಆ ಎರಡು ಶೇಕಡಾವನ್ನು. ಇದನ್ನು ಮಾಲೀಕರಿಗೆ ಹೇಳುವ ಅಗತ್ಯವಿಲ್ಲ. ‘ನಮ್ಮ ಬೋರ್ಡಿನಲ್ಲಿ ಇವನೇ ನಂಬರ್ ಒನ್’ ಎನ್ನಿ. ಬೋರ್ಡು ನಿಮ್ಮದೇ, ಬರೆದವರೂ ನೀವೇ.

ಹಾರಿಯೇ ತೀರಬೇಕೆಂದಿದ್ದರೆ ಯಾವ ಸರಕು ಒತ್ತೆ ಇಡುತ್ತಿದ್ದೀರಿ ಎಂಬುದನ್ನಾದರೂ ನೋಡಿಕೊಳ್ಳಿ. 2023ರ ಮಾರ್ಚ್‌ನಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಒಂಬತ್ತರಿಂದ ಒಂದಕ್ಕೆ ಏರಲು ಷಿಕಾಗೋಗೆ ಕೊಟ್ಟದ್ದು: 9ನೇ ಪಿಕ್, 61ನೇ ಪಿಕ್, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಮೇಲೆ ಡಿ.ಜೆ. ಮೂರ್ ಎಂಬ ತಂಡದ ಅತ್ಯುತ್ತಮ ರಿಸೀವರ್. ತಂದದ್ದು ಬ್ರೈಸ್ ಯಂಗ್‌ನನ್ನು. ಬಂದ ಹುಡುಗ ಚೆಂಡೆಸೆಯಬೇಕು. ಹಿಡಿಯುವವನನ್ನೇ ಬೆಲೆಯ ಲೆಕ್ಕದಲ್ಲಿ ಕಳಿಸಿಯಾಗಿತ್ತು. ತಂಡ 2 ಗೆದ್ದು 15 ಸೋತಿತು. ಹನ್ನೊಂದು ಪಂದ್ಯ ಮುಗಿದಾಗ ಕೋಚ್ ಹೊರಗೆ, ಜನವರಿಯಲ್ಲಿ ಜನರಲ್ ಮ್ಯಾನೇಜರ್ ಹೊರಗೆ. ಲೀಗಿನಲ್ಲೇ ಅತಿ ಹೆಚ್ಚು ಸೋತದ್ದರಿಂದ 2024ರ ಮೊಟ್ಟಮೊದಲ ಪಿಕ್ ಅವರದ್ದಾಯಿತು, ಅಂದರೆ ಷಿಕಾಗೋದ್ದಾಯಿತು. ಅದರಲ್ಲಿ ಬೇರ್ಸ್ ಕೇಲಬ್ ವಿಲಿಯಮ್ಸ್‌ನನ್ನು ಮನೆ ತುಂಬಿಸಿಕೊಂಡಿತು. ಮುಂದಿನ ವರ್ಷದ ಪಿಕ್‌ನ ಈ ಗುಣ ಬೆಲೆಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ: ನೀವು ಎಷ್ಟು ಕೆಟ್ಟದಾಗಿ ಆಡುತ್ತೀರೋ ಕೊಟ್ಟ ವಸ್ತು ಅಷ್ಟು ದುಬಾರಿಯಾಗುತ್ತದೆ. ಬ್ಯಾಸ್ಕೆಟ್‌ಬಾಲಿನ ಎನ್‌ಬಿಎಯಲ್ಲಿ ‘ಪಿಕ್ ತೀರಾ ಮೇಲೆ ಬಂದರೆ ನಮ್ಮಲ್ಲೇ ಉಳಿಯಲಿ’ ಎಂದು ಷರತ್ತು ಹಾಕುವುದು ಸಾಮಾನ್ಯ. ಫುಟ್‌ಬಾಲಿನವರಿಗೆ ಅಂಥ ಷರತ್ತು ಕೇಳಲು ಬಹುಶಃ ನಾಚಿಕೆ. ತಾನು ಸೋಲಬಹುದು ಎಂದು ಒಪ್ಪಿಕೊಂಡಂತಾಗುತ್ತದಲ್ಲ.

ಗಡಿಯಾರದ ವಿಷಯ ಒಂದಿಷ್ಟು. ವ್ಯಾಪಾರ ಕುದುರಿದ ಮೇಲೆ ಎರಡೂ ತಂಡಗಳು ಲೀಗ್‌ಗೆ ಬೇರೆಬೇರೆಯಾಗಿ ಫೋನ್ ಮಾಡಿ ಒಂದೇ ವಿವರ ಹೇಳಬೇಕು. ಅಲ್ಲಿಯವರೆಗೆ ಗಡಿಯಾರ ನಿಲ್ಲುವುದಿಲ್ಲ. 2003ರಲ್ಲಿ ಏಳನೇ ಪಿಕ್ ಇದ್ದ ಮಿನ್ನೆಸೋಟ ವೈಕಿಂಗ್ಸ್, ಬಾಲ್ಟಿಮೋರ್ ಜೊತೆ ಚೌಕಾಸಿ ಮುಗಿಸಿ ತನ್ನ ಫೋನ್ ಮಾಡಿತು. ಬಾಲ್ಟಿಮೋರ್ ಫೋನ್ ಲೀಗ್‌ಗೆ ತಲುಪಲಿಲ್ಲ. ಹೆಸರು ಹೇಳಲು ಆಗ ಇದ್ದ ಹದಿನೈದು ನಿಮಿಷದ ಗಡುವು ಮುಗಿಯಿತು. ಮುಂದಿನ ಸರದಿಯ ಜ್ಯಾಕ್ಸನ್‌ವಿಲ್ ನುಗ್ಗಿ, ಬಾಲ್ಟಿಮೋರ್ ಕಣ್ಣಿಟ್ಟಿದ್ದ ಬೈರನ್ ಲೆಫ್ಟ್‌ವಿಚ್‌ನನ್ನೇ ಎತ್ತಿಕೊಂಡಿತು; ಹಿಂದೆಯೇ ಕ್ಯಾರೊಲೈನಾ ನುಗ್ಗಿತು. ಇಡೀ ದೇಶದ ನಗೆಪಾಟಲಾದ ವೈಕಿಂಗ್ಸ್ ಒಂಬತ್ತರಲ್ಲಿ ಕೆವಿನ್ ವಿಲಿಯಮ್ಸ್ ಹೆಸರು ಬರೆದುಕೊಟ್ಟಿತು. ಆತ ಹತ್ತಾರು ವರ್ಷ ಎದುರಾಳಿಗಳನ್ನು ನೆಲಕ್ಕೆ ಕೆಡವುತ್ತ, ಲೀಗಿನ ಅಗ್ರಮಾನ್ಯ ಡಿಫೆನ್ಸಿವ್ ಟ್ಯಾಕಲ್‌ಗಳಲ್ಲೊಬ್ಬನಾದ. ಬಾಲ್ಟಿಮೋರ್‌ಗೆ ಹತ್ತರಲ್ಲಿ ಟೆರೆಲ್ ಸಗ್ಸ್ ಸಿಕ್ಕಿದ. ವ್ಯಾಪಾರ ಮುರಿದುಬಿದ್ದು ಎರಡೂ ಮನೆ ಉದ್ಧಾರವಾದ ಇಂಥ ಉದಾಹರಣೆಯನ್ನು ಯಾವ ಜನರಲ್ ಮ್ಯಾನೇಜರೂ ಸಂದರ್ಶನದಲ್ಲಿ ಹೇಳುವುದಿಲ್ಲ.

ಪ್ರಚಾರವನ್ನು ಮರೆಯಬೇಡಿ. 1999ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಕೋಚ್ ಮೈಕ್ ಡಿಟ್ಕಾ, ರಿಕ್ಕಿ ವಿಲಿಯಮ್ಸ್ ಎಂಬ, ಚೆಂಡು ಹಿಡಿದು ಓಡುವ ಆಟಗಾರನಿಗಾಗಿ ಹನ್ನೆರಡರಿಂದ ಐದಕ್ಕೆ ಹಾರಿದರು. ಪಟ್ಟಿಯಂತೆ ವ್ಯತ್ಯಾಸ 500 ಅಂಕ. ಕೊಟ್ಟದ್ದು ಆ ವರ್ಷ ತಂಡದ ಕೈಯಲ್ಲಿದ್ದ ಪ್ರತಿಯೊಂದು ಪಿಕ್, ಜೊತೆಗೆ ಮರುವರ್ಷದ ಮೊದಲ ಮತ್ತು ಮೂರನೇ ಸುತ್ತು. ಆಮೇಲೆ ಒಂದು ಕ್ರೀಡಾ ಪತ್ರಿಕೆಯ ಮುಖಪುಟಕ್ಕೆ ಇಬ್ಬರೂ ಮದುವೆ ಜೋಡಿಯಾಗಿ ನಿಂತರು. ಸೂಟು ಕೋಚ್‌ಗೆ, ಬಿಳಿ ಗೌನು ರಿಕ್ಕಿಗೆ. ತಂಡ 3 ಗೆದ್ದು 13 ಸೋತಿತು, ಡಿಟ್ಕಾ ಕೆಲಸ ಹೋಯಿತು, ಮರುವರ್ಷದ ಆ ಪಿಕ್ ಎರಡನೇ ಸ್ಥಾನಕ್ಕೆ ಬಂದು ವಾಷಿಂಗ್ಟನ್ ಪಾಲಾಯಿತು. ಪಾಪ, ರಿಕ್ಕಿ ಕೆಟ್ಟ ಆಟಗಾರನೇನಲ್ಲ. ಡ್ರಾಫ್ಟ್‌ನಲ್ಲಿ ತಂಡಕ್ಕೆ ಅವನೊಬ್ಬನೇ ಬಂದದ್ದು ತೊಂದರೆ. ಮೈದಾನಕ್ಕೆ ಹನ್ನೊಂದು ಜನ ಬೇಕು.

ಸ್ಯಾನ್ ಫ್ರಾನ್ಸಿಸ್ಕೊದ್ದು ಇನ್ನೂ ಸೊಗಸು. 2021ರಲ್ಲಿ ಹನ್ನೆರಡರಿಂದ ಮೂರಕ್ಕೆ ಏರಲು ಮಯಾಮಿಗೆ ಆ ಹನ್ನೆರಡನೇ ಪಿಕ್, 2022 ಮತ್ತು 2023ರ ಮೊದಲ ಸುತ್ತುಗಳು, ಒಂದು ಮೂರನೇ ಸುತ್ತು ಕೊಟ್ಟು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ತಂದರು. ಆತ ಆ ತಂಡದ ಪರ ಶುರುವಿನಿಂದ ಆಡಿದ್ದು ನಾಲ್ಕು ಪಂದ್ಯ. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿಗೆ ಅವನನ್ನು ಡಲ್ಲಾಸ್‌ಗೆ ಸಾಗಿಸಿದರು. ಕೊಟ್ಟ ಹನ್ನೆರಡನೇ ಪಿಕ್ ಏನಾಯಿತು? ಮಯಾಮಿಯಿಂದ ಫಿಲಡೆಲ್ಫಿಯಾಗೆ, ಅಲ್ಲಿಂದ ಡಲ್ಲಾಸ್‌ಗೆ ಹೋಗಿ ಮೈಕಾ ಪಾರ್ಸನ್ಸ್ ಎಂಬ ತಾರೆಯಾಯಿತು. ಹೀಗೆ ಆ ವ್ಯಾಪಾರದ ಎರಡೂ ತುದಿಗಳು, ಅದರಲ್ಲಿ ಕುಳಿತೇ ಇರದ ಡಲ್ಲಾಸ್‌ನ ಡ್ರೆಸಿಂಗ್ ರೂಮಿನಲ್ಲಿ ಭೇಟಿಯಾದವು. ಇದರ ನಡುವೆ ಸ್ಯಾನ್ ಫ್ರಾನ್ಸಿಸ್ಕೊವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. 2022ರಲ್ಲಿ 262ನೇ, ಅಂದರೆ ಇಡೀ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್‌ನಲ್ಲಿ ಸಿಕ್ಕವನು. ಅವನನ್ನೂ ಟ್ರೇಡ್ ಅಪ್ ಮಾಡಿಯೇ ತಂದಿದ್ದರೆ ಖಂಡಿತ ಕೆಡುತ್ತಿದ್ದ.

ಹಾಗಾದರೆ ಕೆಳಗಿಳಿದು ಪಿಕ್ ಕೂಡಿಹಾಕುವುದೇ ಜಾಣತನವೋ? ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅನ್ನು ಕೇಳಿ. 2011ರಲ್ಲಿ ಅಟ್ಲಾಂಟ ತಂಡ ಜೂಲಿಯೊ ಜೋನ್ಸ್‌ಗಾಗಿ 27ರಿಂದ 6ಕ್ಕೆ ಹಾರಿತು. ಬದಲಿಗೆ ಎರಡು ಮೊದಲ ಸುತ್ತು ಸೇರಿ ಐದು ಪಿಕ್‌ಗಳನ್ನು ಬ್ರೌನ್ಸ್‌ಗೆ ಕೊಟ್ಟಿತು. ಪಟ್ಟಿ ಹಿಡಿದವರು ಬ್ರೌನ್ಸ್‌ಗೆ ಜೈಕಾರ ಹಾಕಿದರು. ಅದರಲ್ಲೊಂದು, 2012ರ 22ನೇ ಪಿಕ್, ಬ್ರ್ಯಾಂಡನ್ ವೀಡನ್ ಎಂಬ ಇಪ್ಪತ್ತೆಂಟು ವರ್ಷದ ‘ಹೊಸ ಹುಡುಗ’ನಿಗೆ ಖರ್ಚಾಯಿತು. 2014ರಲ್ಲಿ 26ರಿಂದ ಹತ್ತಿ ಜಾನಿ ಮ್ಯಾನ್‌ಜಿಯೆಲ್‌ನನ್ನು ತಂದದ್ದೂ 22ಕ್ಕೇ. 2007ರಲ್ಲಿ ಮರುವರ್ಷದ ಮೊದಲ ಸುತ್ತು ಕೊಟ್ಟು ಬ್ರೇಡಿ ಕ್ವಿನ್‌ನನ್ನು ತಂದದ್ದೂ ಅದೇ 22ಕ್ಕೆ. ಮೂವರೂ ಕ್ವಾರ್ಟರ್‌ಬ್ಯಾಕ್‌ಗಳು, ಮೂವರೂ ನಿಲ್ಲಲಿಲ್ಲ. ಕೆಳಗಿಳಿದರೆ ಚೀಟಿಗಳು ಹೆಚ್ಚು ಸಿಗುತ್ತವೆ ನಿಜ, ಆದರೆ ಚೀಟಿಯಲ್ಲಿ ಹೆಸರು ಬರೆಯುವ ಕೈ ಅದೇ ಇರುತ್ತದೆ.

ಕೊನೆಗೆ, ಯಾರಾದರೂ ಹಳೆಯ ಕಡತ ತೆಗೆದು ಪ್ರಶ್ನಿಸಿದರೆ ರ್ಯಾಮ್ಸ್ ತಂಡದ ಹೆಸರು ಹೇಳಿ. 2012ರಲ್ಲಿ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ಗೆ ಆಸೆಪಟ್ಟ ವಾಷಿಂಗ್ಟನ್‌ನಿಂದ ಮೂರು ಮೊದಲ ಸುತ್ತು, ಒಂದು ಎರಡನೇ ಸುತ್ತನ್ನು ಕಿತ್ತುಕೊಂಡವರು ಅವರೇ. 2014ರ ಡಿಸೆಂಬರ್‌ನಲ್ಲಿ ಅದೇ ವಾಷಿಂಗ್ಟನ್ ಎದುರು, ಆ ಪಿಕ್‌ಗಳಿಂದ ಬಂದ ಆರು ಆಟಗಾರರನ್ನೇ ನಾಯಕರೆಂದು ಟಾಸ್‌ಗೆ ಕಳಿಸಿ 24-0ರಿಂದ ಗೆದ್ದರು. ಆ ಸಾಲಿನಲ್ಲಿ ಒಟ್ಟು ಗೆದ್ದದ್ದು 6, ಸೋತದ್ದು 10, ಅದನ್ನು ಹೇಳಬೇಡಿ. 2016ರಲ್ಲಿ ಅದೇ ಜಾಣರು ಜ್ಯಾರೆಡ್ ಗಾಫ್‌ಗಾಗಿ 15ರಿಂದ 1ಕ್ಕೆ ಏರಲು ಎರಡು ಮೊದಲ, ಎರಡು ಎರಡನೇ, ಎರಡು ಮೂರನೇ ಸುತ್ತು ತೆತ್ತರು, ಅದನ್ನೂ ಬೇಡ. 2021ರಲ್ಲಿ ಆ ಗಾಫ್ ಜೊತೆ ಇನ್ನೆರಡು ಮೊದಲ ಸುತ್ತು ಸೇರಿಸಿ ಡೆಟ್ರಾಯಿಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್‌ನನ್ನು ತಂದರು, ಮರುವರ್ಷ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು, ಮೆರವಣಿಗೆಯಲ್ಲಿ ಜನರಲ್ ಮ್ಯಾನೇಜರ್ ಲೆಸ್ ಸ್ನೀಡ್ ಪಿಕ್‌ಗಳನ್ನೇ ಬೈಯುವ ಟೀ ಶರ್ಟ್ ತೊಟ್ಟು ಬಂದರು. ಇದನ್ನು ಮಾತ್ರ ಗಟ್ಟಿಯಾಗಿ ಹೇಳಿ, ಸಾಧ್ಯವಾದರೆ ಫೋಟೊ ತೋರಿಸಿ. ಸ್ಟಾಫರ್ಡ್ ಆಗಲೇ ಹನ್ನೆರಡು ವರ್ಷ ಲೀಗಿನಲ್ಲಿ ಆಡಿ ತೋರಿಸಿದ್ದವನು, ಅಂದಿನ ಪಂದ್ಯಶ್ರೇಷ್ಠ ಕೂಪರ್ ಕಪ್ ಮೂರನೇ ಸುತ್ತಿನಲ್ಲಿ ಸಿಕ್ಕವನು ಎಂಬ ಎರಡು ಸಂಗತಿಗಳನ್ನು, ನಿಮ್ಮ ಕರಾರು ಇನ್ನೈದು ವರ್ಷಕ್ಕೆ ಮುಂದುವರಿದು ಸಹಿ ಬಿದ್ದ ಮೇಲೆ ಹೇಳಬಹುದು.