ದುರ್ಯೋಧನನ ಹೆಸರಿಗೆ ಬೆಂಕಿ

ನಮ್ಮ ಮಂಡ್ಯ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಸುಮ್ನೆ ಸಿಗುವುದಿಲ್ಲ. ದುಡ್ಡು ಕೊಟ್ಟು ಹಿಡಿಯಬೇಕು. ಕೃಷ್ಣ, ದುರ್ಯೋಧನ, ಭೀಮ ಇವರ ರೇಟು ಜಾಸ್ತಿ. ನಕುಲ ಸಹದೇವರು ಅಗ್ಗ. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ಅಷ್ಟು ಸುರಿದವನಿಗೆ ಫ್ಲೆಕ್ಸ್ ಮೇಲೆ ತನ್ನ ಹೆಸರು ಹೊಳೆಯಲಿ ಅನ್ನಿಸುವುದು ಸಹಜ, ಅಲ್ವಾ? ಆ ಹೊಳಪಿನ ಕೆಲಸ ನನ್ನ ತಲೆಗೆ ಬಂತು. ಊರಿನಲ್ಲಿ ಫೋಟೋಶಾಪ್ ಬಲ್ಲವನು ನಾನು. ದುಡ್ಡು ಕೇಳದವನೂ ನಾನೇ.

ದುರ್ಯೋಧನ ಮೊದಲು ಬಂದರು. ಮೊಬೈಲ್‌ನಲ್ಲಿ ಯಾವುದೋ ಇಂಗ್ಲಿಷ್ ಗೇಮ್‌ನ ಹೆಸರು ತೋರಿಸಿದರು. ಬಿರುಕು ಬಿಟ್ಟ ಬಂಗಾರದ ಅಕ್ಷರ, ಹಿಂದೆ ಬೆಂಕಿ, ಮಧ್ಯದ ಒಂದು ಅಕ್ಷರವೇ ಕತ್ತಿ. "ಹಿಂಗೇ ಬೇಕು ಸಾರ್. ಕತ್ತಿ ಬದ್ಲು ಗದೆ."

ಇಂಗ್ಲಿಷಿನವರಿಗೇನು, ಅಕ್ಷರಗಳೇ ಉದ್ದುದ್ದ. ಟಿ ಅಕ್ಷರದ ಕಾಲು ಹಿಡಿದು ಕೆಳಗೆ ಎಳೆದರೆ ಕತ್ತಿ ತಯಾರು. ನಮ್ಮ 'ದ' ಮುದ್ದೆಯ ಹಾಗೆ, ಎಲ್ಲಿ ಹಿಡಿದರೂ ಗುಂಡಗೇ ಇರುತ್ತದೆ. ಕೊನೆಗೆ ಗದೆಯನ್ನು 'ಯೋ'ದ ಓತ್ವದ ಪಕ್ಕ ಒರಗಿಸಿದೆ. ಅವರು ಖುಷಿಪಟ್ಟರು. ನೋಡಿದವರು ಅದನ್ನೂ ಒಂದು ದೀರ್ಘ ಅಂತ ಓದಿಕೊಂಡರು.

ಇನ್ನು ಬೆಂಕಿ. ಈಗಿನ ಫೋಟೋಶಾಪ್‌ನಲ್ಲಿ ಅದಕ್ಕೇ ಫ್ಲೇಮ್ ಅಂತ ಫಿಲ್ಟರ್ ಇದೆ. ನನಗೆ ಮಾತ್ರ ಹಳೆಯ ವಿದ್ಯೆಯೇ ಇಷ್ಟ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ವಿಂಡ್ ಫಿಲ್ಟರ್‌ಗೆ ಎಡಕ್ಕೋ ಬಲಕ್ಕೋ ಬೀಸುವುದಷ್ಟೇ ಗೊತ್ತು, ಮೇಲಕ್ಕೆ ಬೀಸಲು ಬರುವುದಿಲ್ಲ. ಹಾಗಾಗಿ ಇಡೀ ಚಿತ್ರವನ್ನು 90 ಡಿಗ್ರಿ ತಿರುಗಿಸಿ ಮಲಗಿಸಬೇಕು. ಗಾಳಿ ಹೊಡೆಸಬೇಕು. ಮತ್ತೆ ಎಬ್ಬಿಸಿ ನಿಲ್ಲಿಸಬೇಕು. ಅಲೆ ಎಬ್ಬಿಸುವ ರಿಪಲ್ ಫಿಲ್ಟರ್ ಹಾಕಿ ಜ್ವಾಲೆಯನ್ನು ಕುಣಿಸಬೇಕು. ಆಮೇಲೆ ಚಿತ್ರವನ್ನು ಗ್ರೇಸ್ಕೇಲ್ ಮಾಡಿ, ಅಲ್ಲಿಂದ ಇಂಡೆಕ್ಸ್ಡ್ ಕಲರ್‌ಗೆ ಬಂದು, ಕಲರ್ ಟೇಬಲ್‌ನಲ್ಲಿ ಬ್ಲ್ಯಾಕ್ ಬಾಡಿ ಆರಿಸಿದರೆ ಬೂದು ಬಣ್ಣವೆಲ್ಲ ಕೆಂಪು, ಕಿತ್ತಳೆ, ಹಳದಿಯಾಗಿ ಧಗ್ ಅಂತ ಹೊತ್ತಿಕೊಳ್ಳುತ್ತದೆ.

ಪಕ್ಕದಲ್ಲೇ ಕೂತಿದ್ದ ದುರ್ಯೋಧನರು ಮಲಗಿಸುವ ಹಂತದಲ್ಲೇ ಕೈ ಹಿಡಿದುಕೊಂಡರು. "ಹೆಸ್ರು ಮಲಗಿಸ್ಬೇಡಿ ಸಾರ್, ಅಪಶಕುನ." ನಾಟಕದ ಕೊನೆಗೆ ತೊಡೆ ಮುರಿಸಿಕೊಂಡು ಮಲಗುವುದು ನೀವೇ ತಾನೆ ಅಂತ ನಾನು ಹೇಳಲಿಲ್ಲ. ಮಾನಿಟರನ್ನು ಆ ಕಡೆ ತಿರುಗಿಸಿಕೊಂಡು ಕೆಲಸ ಮುಗಿಸಿದೆ.

ಸುದ್ದಿ ಹಬ್ಬಿತು. ಭೀಮ ಬಂದರು, ಕಲ್ಲಿನ ಅಕ್ಷರ ಬೇಕು ಅಂದರು. ಶಕುನಿ ಹೊಗೆ ಕೇಳಿದರು. ಕೃಷ್ಣ ನೀಲಿ ಪ್ರಭೆ ಕೇಳಿದರು. ಅಕ್ಷರ ಉಬ್ಬಿಸುವ ಬೆವೆಲ್, ನೆರಳಿನ ಡ್ರಾಪ್ ಶ್ಯಾಡೋ ಇವೆಲ್ಲ ರೆಡಿಮೇಡ್ ಆಗಿ ಸಿಗತೊಡಗಿದ್ದು 1998ರ ಫೋಟೋಶಾಪ್ 5ರಲ್ಲಿ. ಮಾಡಿದ್ದನ್ನು ಹಂತಹಂತವಾಗಿ ಹಿಂದಕ್ಕೆ ತೆಗೆದುಕೊಳ್ಳುವ ಹಿಸ್ಟರಿ ಪ್ಯಾನೆಲ್ ಬಂದಿದ್ದೂ ಅದೇ ಆವೃತ್ತಿಯಲ್ಲಿ. ಎರಡನ್ನೂ ಒಟ್ಟಿಗೆ ಕೊಟ್ಟವರಿಗೆ ನಾಟಕ ಕಮಿಟಿಗಳ ಪರಿಚಯ ಇದ್ದಿರಬೇಕು.

ಕೃಷ್ಣನಿಗೆ ಬೆಳಕು ಎಡದಿಂದ ಬೀಳಬೇಕಿತ್ತು. ಸ್ಟುಡಿಯೋ ಫೋಟೋದಲ್ಲಿ ಹಾಗೇ ಬಿದ್ದಿತ್ತಂತೆ. ತಿರುಗಿಸಿದೆ. ಗ್ಲೋಬಲ್ ಲೈಟ್ ಆನ್ ಇದ್ದರೆ ಚಿತ್ರದ ಎಲ್ಲ ಲೇಯರ್‌ಗಳಿಗೂ, ಅಂದರೆ ಪದರಗಳಿಗೂ, ಒಬ್ಬನೇ ಸೂರ್ಯ. ಕೃಷ್ಣನ ನೆರಳು ತಿರುಗಿದ್ದೇ ತಡ, ಪಾಂಡವರು, ಕೌರವರು, ಕೊನೆಗೆ ಶಾಮಿಯಾನದವರ ಹೆಸರಿನ ನೆರಳೂ ತಿರುಗಿತು. "ಏನ್ ಸಾರ್, ಒಬ್ರಿಗೋಸ್ಕರ ಎಲ್ರುನ್ನೂ ತಿರುಗಿಸ್ತೀರಾ?" ಅಂತ ಭೀಮ ಗುರ್ ಅಂದರು. ಜಯದ್ರಥನನ್ನು ಕೊಲ್ಲಿಸಲು ಸೂರ್ಯನನ್ನೇ ಮರೆಮಾಡಿದ ದೇವರು, ಇದು ಯಾವ ಲೆಕ್ಕ ಅಂದೆ. ಕೃಷ್ಣ ಮುಗುಳ್ನಕ್ಕರು. ಪಾತ್ರ ಆಗಲೇ ಮೈಗೆ ಹತ್ತಿತ್ತು.

ಫೈಲ್ ಫ್ಲೆಕ್ಸ್ ಅಂಗಡಿಗೆ ಹೋಯಿತು. ಅಲ್ಲಿ ಕಮಿಟಿ ಕಾರ್ಯದರ್ಶಿ ಕಣ್ಣು ಕಿರಿದು ಮಾಡಿ ನೋಡಿ, ಬೆಂಕಿಯಲ್ಲಿ ದುರ್ಯೋಧನ ಕಾಣ್ತಾನೇ ಇಲ್ಲ ಅಂದರಂತೆ. ಅಂಗಡಿಯ ಹುಡುಗ ಚುರುಕು. ನನ್ನ ಬೆಂಕಿಯ ಮೇಲೆಯೇ ಆ ಹೆಸರನ್ನು ಹೊಸದಾಗಿ ಟೈಪ್ ಮಾಡಿ, ಅಕ್ಷರದ ಅಂಚಿಗೆಲ್ಲ ದಪ್ಪ ಹಳದಿ ಸ್ಟ್ರೋಕ್ ಎಳೆದುಬಿಟ್ಟ. ಹಳೆಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡಕ್ಕೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಒಂದು ಆಯ್ಕೆ ಒತ್ತಬೇಕು. ಒತ್ತದಿದ್ದರೆ ಒತ್ತಕ್ಷರಗಳು ಕೈಬಿಟ್ಟು ಬೇರೆ ಸಂಸಾರ ಹೂಡುತ್ತವೆ. ಅವನು ಒತ್ತಿರಲಿಲ್ಲ. ಹೀಗೆ 'ದುರ್' ಒಂದು ಕಡೆ, 'ಯೋ' ಒಂದು ಕಡೆ ನಿಂತವು. ಹಳದಿ ಸ್ಟ್ರೋಕ್ 'ಧ'ದ ಹೊಟ್ಟೆ ಸೀಳನ್ನು ನೀಟಾಗಿ ಹೊಲಿದುಹಾಕಿತ್ತು. ಬಸ್ ಸ್ಟ್ಯಾಂಡ್ ಎದುರು ಎದ್ದು ನಿಂತಿದ್ದು 'ದುರ್‌ಯೋದನ'. ಕೊನೆಯ ಎರಡು ಅಕ್ಷರವನ್ನು ಶಾಲೆಯ ಮಕ್ಕಳು ಬಿಡಿಸಿ, ಜೋರಾಗಿ ಓದುತ್ತಾ ಹೋಗುತ್ತಿದ್ದರು.

ಪರದೆಯ ಬಣ್ಣವೇ ಬೇರೆ, ಅಚ್ಚಿನ ಶಾಯಿಯೇ ಬೇರೆ. ಕೃಷ್ಣನ ನೀಲಿ ಪ್ರಭೆ ಮಂಕಾಗಿತ್ತು. ಅವರು ಅಲ್ಲೇ ನಿಂತು ಪಾತ್ರದಿಂದ ಹೊರಬಂದು ಬೈದರು.

ದುರ್ಯೋಧನರು ಬಂದಾಗ ನಾನು ಚಹಾದಂಗಡಿಯ ಕಂಬದ ಹಿಂದೆ ಇದ್ದೆ. ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ದನದ ಮಾತೇ ಇಲ್ಲ. "ಭೀಮನ ಅಕ್ಷರ ನನ್ನದಕ್ಕಿಂತ ಒಂದು ಗೇಣು ಎತ್ತರ ಐತೆ. ಅವನು ಕೊಟ್ಟಿದ್ದು ನನಗಿಂತ ಕಮ್ಮಿ ದುಡ್ಡು," ಅಂತ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೊರಟರು.

ಅವರು ಹೋದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಮೆಲ್ಲಗೆ ಪಕ್ಕಕ್ಕೆ ಬಂದರು. ಮಗಳ ಮದುವೆ ಪತ್ರಿಕೆ ಮಾಡಿಸಬೇಕಂತೆ.

"ಬೆಂಕಿ ದುರ್ಯೋಧನಂದೇ ಇರ್ಲಿ, ಚೆನ್ನಾಗೈತೆ. ಶಕುನಿ ಹೊಗೆ ಮಾತ್ರ ಬೇಡ. ನಾವು ಹೆಣ್ಣಿನ ಕಡೆಯೋರು."