‘ಶಿಕ್ಷಿಸಿ’ ಒತ್ತಿ, ಪಾಯಿಂಟು ಗೆಲ್ಲಿ

ಲೀಗ್ ಆಫ್ ಲೆಜೆಂಡ್ಸ್ ಅಂತ ಒಂದು ಆನ್‌ಲೈನ್ ಕಂಪ್ಯೂಟರ್ ಆಟ ಇದೆ. ಐದು ಜನ ಈ ಕಡೆ, ಐದು ಜನ ಆ ಕಡೆ, ನಡುವೆ ಸಿಕ್ಕಾಪಟ್ಟೆ ಬೈಗುಳ. ಬೈಗುಳಕ್ಕೆ ಮದ್ದು ಅಂತ ರಯಟ್ ಗೇಮ್ಸ್ ಕಂಪನಿ 2011ರಲ್ಲಿ ‘ಟ್ರಿಬ್ಯೂನಲ್’ ಅನ್ನೋ ಕೋರ್ಟನ್ನೇ ತೆರೆಯಿತು. ಅಲ್ಲಿ ತೀರ್ಪು ಕೊಡುವ ಜ್ಯೂರಿ ಯಾರು? ಆಡುವವರೇ. ಅರ್ಹತೆ ಏನು? ಆಟದಲ್ಲಿ ಇಂತಿಷ್ಟು ಲೆವೆಲ್ ದಾಟಿರಬೇಕು. ಅಂದರೆ ವರ್ಷಗಟ್ಟಲೆ ನಿದ್ದೆಗೆಟ್ಟು ಆಡಿದವನಿಗೆ ನ್ಯಾಯ ಅನ್ಯಾಯದ ವಿವೇಕ ತಾನಾಗಿ ಬಂದಿರುತ್ತದೆ ಅಂತ ಲೆಕ್ಕ.

ಆರೋಪ ಹೊರಿಸುವ ಪ್ರಾಸಿಕ್ಯೂಟರ್ ಆಗುವುದು ಇನ್ನೂ ಸುಲಭ. ಆಟ ಸೋತು ಮೈ ಉರಿಯುತ್ತಿರಬೇಕು, ರಿಪೋರ್ಟ್ ಬಟನ್ ಕೈಗೆಟುಕಬೇಕು. ಅಷ್ಟೇ.

ಕೇಸು ತೆರೆದರೆ ಚಾಟ್, ಸ್ಕೋರು, ದೂರು, ಕೆಳಗೆ ‘ಶಿಕ್ಷಿಸಿ’, ‘ಕ್ಷಮಿಸಿ’ ಅಂತ ಬಟನ್‌ಗಳು. ಆರೋಪಿ ತನ್ನ ಕಡೆಯ ಮಾತು ಹೇಳಲು ಜಾಗವೇ ಇಲ್ಲ. ಮೊದಮೊದಲು, ಓಟು ಬಹುಮತದ ಕಡೆ ಬಿದ್ದರೆ ಜ್ಯೂರಿಗೆ ಆಟದ ಪಾಯಿಂಟು ಬೇರೆ! ಇಂಥ ಕೋರ್ಟಿನಲ್ಲಿ ಇಡೀ ಚಾಟ್ ಕೂತು ಓದುವವನು ಪೆದ್ದ ಅಲ್ವಾ? ಎಲ್ಲ ಕೇಸಿಗೂ ಕಣ್ಣುಮುಚ್ಚಿ ‘ಶಿಕ್ಷಿಸಿ’ ಒತ್ತುತ್ತಾರೆ ಅಂತ ಆಟಗಾರರೇ ಗೊಣಗಿದರು. 2014ರಲ್ಲಿ ಕೋರ್ಟಿನ ಬಾಗಿಲು ಮುಚ್ಚಿತು.

ಬುದ್ಧಿ ಬಂತು ಅಂದುಕೊಂಡಿರಾ? ಆಮೇಲೆ ಬಂದದ್ದು ಕ್ಲೆರೋಸ್, ಬ್ಲಾಕ್‌ಚೈನ್ ಅನ್ನೋ, ಹಲವು ಕಂಪ್ಯೂಟರುಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕದ ಮೇಲಿನ ಕೋರ್ಟು. ಇಲ್ಲಿ ಜ್ಯೂರಿ ಆಗಲು ಟೋಕನ್ ಅನ್ನೋ ಡಿಜಿಟಲ್ ನಾಣ್ಯ ಒತ್ತೆ ಇಡಬೇಕು, ಆಮೇಲೆ ಚೀಟಿ ಎತ್ತಿ ಆರಿಸುತ್ತಾರೆ, ಜಾಸ್ತಿ ಇಟ್ಟವನ ಚೀಟಿ ಬರುವ ಸಾಧ್ಯತೆ ಜಾಸ್ತಿ, ಒಬ್ಬನೇ ಒಂದೇ ಕೇಸಿನಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತರೂ ತಪ್ಪಿಲ್ಲ. ಓಟು ಬಹುಮತಕ್ಕೆ ಎದುರಾದರೆ ಒತ್ತೆಯಲ್ಲಿ ಒಂದು ಪಾಲು ಗೋವಿಂದ, ಗೆದ್ದ ಕಡೆಯವರು ಹಂಚಿಕೊಳ್ಳುತ್ತಾರೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಇಲ್ಲಿ ಎಡವಟ್ಟನ ಜೇಬಿಗೂ ಕತ್ತರಿ. 2018ರಲ್ಲಿ ಇದನ್ನು ಪರೀಕ್ಷಿಸಲು ಕೊಟ್ಟ ಪ್ರಶ್ನೆ ಕೇಳಿ: ಚಿತ್ರದಲ್ಲಿರುವುದು ‘ಡೋಜ್’ ಅನ್ನೋ ಇಂಟರ್ನೆಟ್ ಮೀಮಿನ ನಾಯಿ ಹೌದೋ ಅಲ್ಲವೋ? ನಿಮಗೆ ಬೆಕ್ಕು ಕಂಡರೂ ಪಕ್ಕದವರು ನಾಯಿ ಅಂತಾರೆ ಅನ್ನಿಸಿದರೆ, ಬೌ ಅನ್ನಿ, ದುಡ್ಡು ಎಣಿಸಿ.

ಕ್ಲೆರೋಸ್ ಅನ್ನೋದು ಗ್ರೀಕ್ ಮಾತು, ಚೀಟಿ ಎತ್ತುವುದಕ್ಕೆ ಸಂಬಂಧಿಸಿದ್ದು. ಹಳೇ ಅಥೆನ್ಸ್‌ನವರು ಜ್ಯೂರಿಯನ್ನು ಹಾಗೇ ಆರಿಸುತ್ತಿದ್ದರು. ಸರ್ಕಾರಿ ವಕೀಲ ಅಂತ ಯಾರೂ ಇರಲಿಲ್ಲ, ಸಾರ್ವಜನಿಕ ಅಪರಾಧ ಅಂದರೆ ಯಾವ ನಾಗರಿಕ ಬೇಕಾದರೂ ದೂರು ಹಾಕಬಹುದಿತ್ತು. ಆದರೆ ಐದರಲ್ಲಿ ಒಂದು ಪಾಲು ಓಟೂ ಬೀಳದಿದ್ದರೆ ದೂರು ಕೊಟ್ಟವನಿಗೇ 1000 ದ್ರಾಕ್ಮ ದಂಡ. ಕ್ಲೆರೋಸ್‌ನವರು ಹೆಸರು ಎರವಲು ತಂದರು, ದಂಡವನ್ನು ಜ್ಯೂರಿಯ ತಲೆಗೂ ಕಟ್ಟಿದರು.

ನಮ್ಮ ದೇಶವೇನೋ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಯ ಸಹವಾಸವೇ ಬೇಡ ಅಂದಿತ್ತು. ಆಮೇಲೆ ವಾಟ್ಸಾಪ್ ಬಂತು.

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ, ಬೇರೆಯವರ ಪಾರ್ಕಿಂಗ್‌ನಲ್ಲಿ ನಿಂತ ಸ್ಕೂಟರಿನ ಫೋಟೋ ಬಿತ್ತು. ಪ್ರಾಸಿಕ್ಯೂಟರ್ ಮೂರನೇ ಮಹಡಿಯ ಆಂಟಿ. ಎರಡೇ ನಿಮಿಷಕ್ಕೆ ಹದಿನೇಳು ಹೆಬ್ಬೆಟ್ಟು. ‘ಫೈನ್ ಹಾಕಿ ಸರ್’, ‘ಗಾಳಿ ತೆಗೀರಿ ಸರ್’. ಒಬ್ಬ ಅಂಕಲ್ ಸುಮ್ನೆ ಗುಡ್ ಮಾರ್ನಿಂಗ್ ಅಂತ ಗುಲಾಬಿ ಹೂ ಕಳಿಸಿದರು, ಅದನ್ನೂ ಆಂಟಿ ತಮ್ಮ ಕಡೆಗೇ ಎಣಿಸಿಕೊಂಡರು. ಅಷ್ಟರಲ್ಲಿ ಅಡ್ಮಿನ್ ಬರೆದರು: ‘ಅದು ನಮ್ಮ ಅಳಿಯಂದು, ನಿನ್ನೆ ರಾತ್ರಿ ಬಂದ್ರು.’

ಹೆಬ್ಬೆಟ್ಟು ಒಂದೊಂದೇ ಮಾಯವಾದವು. ಗುಲಾಬಿ ಹೂ ಮಾತ್ರ ಹಾಗೇ ಇದೆ.